ನಾಲ್ಕನೆಯ ಬೋಲ್ಟು

ಮನೆ ಅಳಿಯನಾಗುತ್ತೇನೆ ಎಂದು ಯಾರೂ ಅರ್ಜಿ ಹಿಡಿದುಕೊಂಡು ಹೋಗುವುದಿಲ್ಲ. ಕತ್ತರಿ, ಚಾಕು ಹರಿತ ಮಾಡಿಕೊಡುವ ನಮ್ಮ ಸಾಣೆಯವನೂ ಹೋಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಬಾಡಿಗೆ ಮನೆಯ ಚಾವಣಿ ಸೋರತೊಡಗಿದಾಗ, ರಿಪೇರಿ ಮುಗಿಯುವ ತನಕ ಎರಡು ತಿಂಗಳು ಇದ್ದು ಬರೋಣ ಎಂದು ಹೆಂಡತಿಯನ್ನು ಕರೆದುಕೊಂಡು, ಎರಡು ಪೆಟ್ಟಿಗೆ ಹಿಡಿದು ಮಾವನ ಮನೆಯ ಮೆಟ್ಟಿಲು ಹತ್ತಿದ್ದ. ಆ ಚಾವಣಿ ರಿಪೇರಿಯಾಯಿತು. ಅದರ ಕೆಳಗೆ ಬೇರೆಯವರು ಬಂದು ಸಂಸಾರ ಹೂಡಿದರು, ಅವರೂ ಖಾಲಿ ಮಾಡಿ ಹೋದರು. ಇವನು ಮಾತ್ರ ಇಲ್ಲೇ ಉಳಿದ. ನಡುವೆ ಒಬ್ಬ ಮಗಳು ಹುಟ್ಟಿ, ಅಜ್ಜಿಯ ಮಗ್ಗುಲಲ್ಲಿ ಮಲಗುವುದನ್ನು ಕಲಿತು, ಶಾಲೆಗೂ ಸೇರಿದಳು.

ಮಾವನ ಮನೆಯವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಒಂದು ದಿನ ಜಗಳ ತೆಗೆದು, ಬಾಗಿಲು ದಡಾರನೆ ಎಳೆದುಕೊಂಡು, ಬೀದಿಯವರಿಗೆಲ್ಲ ಕೇಳುವಂತೆ ನಾಲ್ಕು ಮಾತಾಡಿ ಹೊರಟುಬಿಡಬಹುದಿತ್ತು. ಆದರೆ ಅವರು ಒಳ್ಳೆಯವರು. ಅದೂ ಅಂತಿಂಥ ಒಳ್ಳೆಯವರಲ್ಲ, ಉಸಿರು ಕಟ್ಟುವಷ್ಟು ಒಳ್ಳೆಯವರು. ಅವನು ಒಂದು ಸಲ ಸೀನಿದರೆ ಬಿಸಿನೀರು ಬರುತ್ತಿತ್ತು, ಎರಡು ಸಲ ಸೀನಿದರೆ ಕಂಬಳಿ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಬಡಿಸುವ ವಿದ್ಯೆ ಅತ್ತೆಗೆ ಗೊತ್ತಿತ್ತು. ಚಪ್ಪಲಿಗೆ ಕಾಲು ತೂರಿಸಿದ ಸದ್ದಾದರೆ ಸಾಕು, ಅಡುಗೆಮನೆಯಿಂದ, "ಎಲ್ಲಿಗೆ ಹೊರಟ್ರಿ ಅಳಿಯಂದಿರೇ?" ಬೀದಿ ಕೊನೆಯ ಅಂಗಡಿಯಿಂದ ಬ್ಲೇಡು ತರುವುದಕ್ಕೂ ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬ ಮೂರು ಬಾಗಿಲು ದಾಟಬೇಕು. ಸುಮ್ಮನೆ ಎಂದು ಉತ್ತರ ಕೊಟ್ಟರೆ ಅತ್ತೆಗೆ ಗಾಬರಿಯಾಗುತ್ತಿತ್ತು. ಗಂಡಸು ಸುಮ್ಮನೆ ಯಾಕೆ ಹೊರಗೆ ಹೋಗುತ್ತಾನೆ, ಮನೆಯಲ್ಲಿ ಏನಾದರೂ ಕಡಿಮೆಯಾಯಿತೇ ಎಂದು ಮಗಳನ್ನು ಮೂಲೆಗೆ ಕರೆದು ವಿಚಾರಿಸುತ್ತಿದ್ದರು.

ಹೀಗಾಗಿ ಸಾಣೆಯವನ ಪಾಲಿಗೆ ಇಡೀ ಜಗತ್ತಿನಲ್ಲಿ ಉಳಿದಿದ್ದ ಒಂದೇ ಸ್ವಂತ ಜಾಗವೆಂದರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಅವನ ಅಂಗಡಿ. ಅಂಗಡಿ ಎನ್ನುವುದು ಗೌರವದ ಮಾತು. ಎರಡು ಗೋಡೆಗಳ ನಡುವೆ ಬೀರು ಇಡಲು ಬಿಟ್ಟಂಥ ಸಂದಿ ಅದು. ದರ್ಜಿಗಳ ಕತ್ತರಿ, ಕ್ಷೌರಿಕರ ಕತ್ತರಿ, ಮಾಂಸದಂಗಡಿಯ ಕತ್ತಿ, ಅಡುಗೆಮನೆಯ ಚಾಕು ಎಲ್ಲ ಅಲ್ಲಿಗೆ ಮೊಂಡಾಗಿ ಬಂದು ಹರಿತವಾಗಿ ಹೋಗುತ್ತಿದ್ದವು. ನಡುವೆ ನಿಂತಿದ್ದದ್ದು ಬೀಡು ಕಬ್ಬಿಣದ ಸಾಣೆ ಯಂತ್ರ. ಚಕ್ರ ಕಿರ್ರೆಂದು ತಿರುಗಿ ಕಿಡಿ ಹಾರುವಾಗ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ, ಕೇಳಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಆ ಎಂಟು ಗಂಟೆಯ ಗದ್ದಲವೇ ಅವನ ನೆಮ್ಮದಿ.

ಈಗ ಆ ಓಣಿಯ ಅಂಗಡಿ ಸಾಲನ್ನೇ ಕೆಡವುತ್ತಾರೆಂದು ಸುದ್ದಿ ಬಂದಿತ್ತು. ತಿಂಗಳ ಕೊನೆಗೆ ಖಾಲಿ ಮಾಡಬೇಕು.

ಸುದ್ದಿ ಬಂದ ಎರಡೇ ದಿನಕ್ಕೆ ಅವನ ಹಳೆಯ ಗಿರಾಕಿ, ಕೋಟು ಹೊಲಿಯುವ ದರ್ಜಿ, ತಾನಾಗಿಯೇ ಒಂದು ಮಾತು ಹೇಳಿದ. ಊರಿನ ಆ ತುದಿಯಲ್ಲಿ ಅವನ ಹೊಲಿಗೆ ಅಂಗಡಿ. ಅದರ ಮುಂದಿನ ಅರ್ಧ ಖಾಲಿ ಇದೆ, ಮೇಲೆ ಒಂದು ಕೋಣೆ, ಒಂದು ಅಡುಗೆ ಕಟ್ಟೆ, ನಲ್ಲಿ. "ಮೂರು ಜನಕ್ಕೆ ಧಾರಾಳ ಆಗುತ್ತೆ. ಬೀಗ ರಿಪೇರಿಯವನೊಬ್ಬ ದಿನಾ ಬಂದು ಕೇಳ್ತಿದ್ದಾನೆ. ಆದ್ರೆ ನಿನ್ನ ಕೈಯಲ್ಲಿ ಹರಿತ ಆದ ಕತ್ತರಿ ಹಿಡಿದು ಹದಿನೈದು ವರ್ಷ ಆಯ್ತು, ನಿನಗೇ ಕೊಡಬೇಕು ಅಂತ ಆಸೆ. ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ಸಂಜೆ ಏಳಕ್ಕೆ ನಾನು ಕದ ಹಾಕೋವರೆಗೆ ಕಾಯ್ತೀನಿ. ಆಮೇಲೆ ನನ್ನ ಬೈಯಬೇಡ."

ಸಾಣೆಯವ ಮೇಲೆ ಹತ್ತಿ ಆ ಕೋಣೆಯನ್ನು ನೋಡಿ ಬಂದ. ಗೋಡೆಗೆ ಸುಣ್ಣವಾಗಬೇಕಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನಿಗೆ ಅದು ಅರಮನೆಯಾಗಿ ಕಂಡಿತು. ಅವತ್ತು ಮನೆಗೆ ಬರುವ ದಾರಿಯಲ್ಲಿ ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡ. "ಮಾವ, ಒಂದು ಒಳ್ಳೆ ಜಾಗ ಸಿಕ್ಕಿದೆ, ನಾವು ಬೇರೆ ಇರೋಣ ಅಂದ್ಕೊಂಡಿದೀವಿ." ಇಷ್ಟೇ. ಚಿಕ್ಕ ಮಕ್ಕಳೂ ಹೇಳಬಹುದಾದ ಮಾತು. ಮನೆಗೆ ಬಂದು ಕಾಲು ತೊಳೆದು ಕೂತ, ಅತ್ತೆ ಬಡಿಸಿದರು, ಉಂಡ, ಮಲಗಿದ. ಊರಿನ ಕತ್ತರಿಗಳಿಗೆಲ್ಲ ಹರಿತ ಕೊಡುವವನ ನಾಲಿಗೆ ಮಾತ್ರ ಮೊಂಡು. ಹೆಂಡತಿಗಾದರೂ ಹೇಳಬಹುದಿತ್ತು. ಆದರೆ ಅವಳ ಬಾಯಲ್ಲಿ ಅವರಮ್ಮನಿಗೆ ತಿಳಿಯದ ಸುದ್ದಿ ಒಂದು ಗಂಟೆಗಿಂತ ಹೆಚ್ಚು ನಿಂತ ದಾಖಲೆ ಇರಲಿಲ್ಲ.

ಆ ವಾರ ಹಿತ್ತಲಲ್ಲಿ ಅಗೆತ ಶುರುವಾಯಿತು. ಮಾವ ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಕೆಲಸ ಬಿಟ್ಟಿದ್ದರೂ ಬೀದಿಯಲ್ಲಿ ಯಾರ ಮನೆಯ ಗೋಡೆ ಎದ್ದರೂ ಒಂದು ಸಲ ಅವರು ಬಂದು ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನಡುವೆ ನಿಂತಿದ್ದನ್ನು ನೋಡಿ ತಲೆ ಆಡಿಸಿದರೇ ಮನೆಯವರಿಗೆ ಸಮಾಧಾನ. ಬಲಗಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೂ ಆ ಗುಳ್ಳೆ ನೋಡಲು ಎಡಗಣ್ಣೊಂದೇ ಸಾಕು ಎನ್ನುತ್ತಿದ್ದರು. "ಹಳೇ ಸಾಮಾನು ಇಡೋಕೆ ಒಂದು ಶೆಡ್ಡು ಮಾಡೋಣ," ಎಂದು ಗೂಟ ಹೊಡೆದು, ದಾರ ಕಟ್ಟಿ, ಮೂಲೆಯಿಂದ ಮೂಲೆಗೆ ಅಳೆದು, ಒಬ್ಬ ಕೂಲಿಯವನನ್ನು ಇಟ್ಟುಕೊಂಡು ಒಂದು ಗೇಣು ಆಳ ಮಣ್ಣು ತೆಗೆಸಿದರು. ಜಲ್ಲಿ ತುಂಬಿಸಿ, ನೀರು ಚಿಮುಕಿಸಿ, ನೆಲ ಗಟ್ಟಿಯಾಗಲು ದಿಮ್ಮಸು ಹೊಡೆಸಿದರು. ಶನಿವಾರ ಊಟಕ್ಕೆ ಕೂತಾಗ, "ನಾಳೆ ಅಂಗಡಿಗೆ ರಜಾ ಹಾಕಿ ಅಳಿಯಂದಿರೇ, ಕಾಂಕ್ರೀಟು ಹಾಕಿಬಿಡೋಣ," ಎಂದರು. ಸಾಣೆಯವ ಆಗಲಿ ಎಂದ. ಆಗಲಿ ಎನ್ನುವ ಮಾತು ಅವನ ಬಾಯಿಂದ ಬಹಳ ಸಲೀಸಾಗಿ ಬರುತ್ತಿತ್ತು.

ಅವನ ಲೆಕ್ಕ ಬೇರೆ ಇತ್ತು. ನಾಳೆ ಇಬ್ಬರೇ ಇರುತ್ತೇವೆ, ಕೆಲಸದ ನಡುವೆ ಮಾತಿಗೆ ಮಾತು ಬಂದಾಗ ಹೇಳಿಬಿಡಬೇಕು.

ಬೆಳಗ್ಗೆ ಹಲಗೆಗಳನ್ನು ಸುತ್ತ ನಿಲ್ಲಿಸಿ ಗೂಟ ಬಡಿದರು. ಮಾವ ಮನೆಯೊಳಗೆ ಅಳಿಯನಿಗೆ ಬಹುವಚನ ಬಿಟ್ಟು ಮಾತಾಡಿದವರಲ್ಲ. ಕೈಗೆ ಗಾರೆ ಸವರುವ ಕರಣೆ ಬಂದರೆ ಮಾತ್ರ ಎದುರಿಗಿದ್ದವನು ರಾಜನಾದರೂ ಏಕವಚನ. "ಏಯ್, ಆ ಹಲಗೆ ಒಂದು ಕೂದಲು ಕೆಳಗೆ ಬಡಿ. ಸಾಕು. ಸಾಕು ಅಂದ್ನಲ್ಲ." ಮಳೆನೀರು ಗೋಡೆ ಕಡೆಗೆ ಬಾರದ ಹಾಗೆ ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟರು. ಕಬ್ಬಿಣದ ಜಾಲರಿ ಹಾಸಿ, ಅದು ನೆಲಕ್ಕೆ ಅಂಟದಂತೆ ಕೆಳಗೆ ಚೂರು ಕಲ್ಲು ಇಟ್ಟರು. ಒಂದು ಬಕೆಟ್ ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ. ಸಾಣೆಯವ ಸಲಿಕೆ ಹಿಡಿದು ಒಣ ಮಿಶ್ರಣವನ್ನು ಮೂರು ಸಲ ತಿರುವಿದ. ಬೆನ್ನು ನೇರ ಮಾಡಿ, ಗಂಟಲು ಸರಿಮಾಡಿಕೊಂಡು, "ಮಾವ, ಒಂದು ಮಾತು..." ಎಂದ. ಅಷ್ಟರಲ್ಲಿ ಮಾವ ನೀರು ಸುರಿದಾಗಿತ್ತು.

"ಮಾತು ಆಮೇಲೆ. ನೀರು ಬಿದ್ದ ಸಿಮೆಂಟು ಯಾರಿಗೂ ಕಾಯಲ್ಲ. ತಿರುವು."

ತಿರುವಿದ. ಬಾಂಡಲಿಯಲ್ಲಿ ತುಂಬಿ ಸುರಿದ. ಸುರಿದದ್ದು ಅರ್ಧಕ್ಕೆ ನಿಂತರೆ ಅಲ್ಲೇ ಬಿರುಕು ಬಿಡುತ್ತದೆ ಎಂದು ಮಾವ ಉಸಿರಾಡಲೂ ಬಿಡಲಿಲ್ಲ. ಹಸಿ ಕಾಂಕ್ರೀಟಿನ ಮೇಲೆ ಉದ್ದನೆಯ ಪಟ್ಟಿಯನ್ನು ಇಬ್ಬರೂ ಆಚೀಚೆ ಹಿಡಿದು ಗರಗಸದ ಹಾಗೆ ಎಳೆದರು. ಒಂದೇ ಮಟ್ಟಕ್ಕೆ ಬಂತು. ಆಗ ಮಾವ ಒಳಗೆ ಹೋಗಿ ಗೋಣಿಯಲ್ಲಿ ಸುತ್ತಿಟ್ಟ ಒಂದು ಹಲಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಹಲಗೆಗೆ ನಾಲ್ಕು ತೂತು, ಪ್ರತಿ ತೂತಿನಲ್ಲೂ ತಲೆಕೆಳಗಾಗಿ ನೇತಾಡುವ ಒಂದು ದಪ್ಪ ಬೋಲ್ಟು.

ಸಾಣೆಯವ ಆ ತೂತುಗಳನ್ನು ನೋಡಿದ. ಮೂರು ತೂತು ಚೌಕದ ಮೂಲೆಗೆ ಸರಿಯಾಗಿದ್ದವು. ನಾಲ್ಕನೆಯದು ಒಂದು ಬೆರಳು ಒಳಕ್ಕೆ ಸರಿದಿತ್ತು. ಅವನ ಸಾಣೆ ಯಂತ್ರದ ನಾಲ್ಕನೆಯ ಕಾಲು ಯಾವ ಕಾಲದಲ್ಲೋ ಮುರಿದು, ಯಾರೋ ಸೊಟ್ಟಗೆ ಬೆಸುಗೆ ಹಾಕಿ, ಸರಿಯಾಗಿ ಒಂದು ಬೆರಳು ಒಳಕ್ಕೆ ಸರಿದಿತ್ತು. ಭೂಮಿಯ ಮೇಲೆ ಹಾಗೆ ಸೊಟ್ಟ ಕಾಲಿನ ಯಂತ್ರ ಇದ್ದದ್ದು ಒಂದೇ. ಹಲಗೆಗೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಕಾಗದದ ಮೇಲೆ "ಮುಂದಿನ ಎಡಗಾಲು, ಇದು ಸೊಟ್ಟ, ಜೋಪಾನ" ಎಂದು ಬರೆದಿತ್ತು. ಅಕ್ಷರ ಅವನ ಹೆಂಡತಿಯದು.

"ಇನ್ನೆಷ್ಟು ಹೊತ್ತು ಗುಟ್ಟು ಮುಚ್ಚಿಡೋದು," ಮಾವ ನಕ್ಕರು. ಅವರ ಮುಖವೆಲ್ಲ ಸಿಮೆಂಟಿನ ಧೂಳು, ಅದರೊಳಗಿಂದ ಹಲ್ಲು ಮಾತ್ರ ಹೊಳೆಯುತ್ತಿತ್ತು. "ಅಂಗಡಿ ಹೋಯ್ತು ಅಂತ ನೀನು ಒಳಗೊಳಗೇ ಕೊರಗ್ತಿದ್ದೆ. ನಮಗೆ ಕಾಣಲ್ವಾ? ಇನ್ನು ಯಾರ ಹಂಗೂ ಬೇಡ. ಎದ್ದರೆ ಹಿತ್ತಲು, ಕೂತರೆ ಹಿತ್ತಲು."

ಅತ್ತೆ ಹಿಂಬಾಗಿಲಲ್ಲಿ ಬಂದು ನಿಂತಿದ್ದರು. "ಆ ಕಿರ್ ಅನ್ನೋ ಸದ್ದು ಕೇಳ್ತಾ ಇದ್ರೆ ಅಳಿಯಂದಿರು ಇಲ್ಲೇ ಇದ್ದಾರೆ ಅಂತ ನನಗೂ ಒಂದು ನೆಮ್ಮದಿ. ನಿಂತರೆ ತಕ್ಷಣ ಚಹಾ ತಂದುಬಿಡ್ತೀನಿ," ಎಂದರು.

ಸಾಣೆಯವ ಹಿಂಬಾಗಿಲಿನತ್ತ ನೋಡಿದ. ಇನ್ನು ಸದ್ದು ಮಾಡಿದರೂ ಅತ್ತೆ, ಮಾಡದಿದ್ದರೂ ಅತ್ತೆ. ಇಪ್ಪತ್ತನಾಲ್ಕು ಗಂಟೆಯೂ ಈ ಒಳ್ಳೆಯತನದ ಒಳಗೇ ಇರಬೇಕು, ಸಾಯುವ ತನಕ. ಬೇಡ ಮಾವ, ನಿಲ್ಲಿಸಿ ಎನ್ನುವುದಕ್ಕೆ ಬಾಯಿ ತೆರೆದ. ಮಾವ ಹಲಗೆಯ ಆ ತುದಿ ಹಿಡಿದು, "ಹಿಡಿ, ಹಿಡಿ, ಬಿಗಿ ಆಗೋಕೆ ಮೊದಲು ಇಳಿಸಬೇಕು," ಎಂದರು. ಹಿಡಿದ. ಅವನ ಕೈಯಿಂದಲೇ ನಾಲ್ಕು ಬೋಲ್ಟುಗಳೂ ಹಸಿ ಕಾಂಕ್ರೀಟಿನೊಳಗೆ ಮೆಲ್ಲಗೆ ಇಳಿದು ಕೂತವು.

ಗಂಟೆ ಕಳೆದ ಮೇಲೆ ಕಾಂಕ್ರೀಟು ಹೆಬ್ಬೆಟ್ಟಿಗೆ ಮಾತ್ರ ತಗ್ಗುವಷ್ಟು ಬಿಗಿಯಾಯಿತು. ಮಾವ ನಟ್ಟು ಬಿಚ್ಚಿ ಹಲಗೆಯನ್ನು ಜೋಪಾನವಾಗಿ ಮೇಲೆತ್ತಿ, ಅದರ ಕೆಳಗಿನ ಜಾಗವನ್ನು ನುಣ್ಣಗೆ ಮಾಡಲು ಹೇಳಿ ಚಹಾ ಕುಡಿಯಲು ಒಳಗೆ ಹೋದರು. ಸಾಣೆಯವ ಕರಣೆ ಹಿಡಿದು ಮಂಡಿಯೂರಿದ. ಬೋಲ್ಟುಗಳ ತುದಿಗಳು ಎದುರಿಗೆ ನಿಂತಿದ್ದವು. ನಾಲ್ಕನೆಯದರ ಮೇಲೆ ಅವನ ಕೈ ಹೋಯಿತು.

ಅವನು ಯೋಚಿಸಿ ಮಾಡಿದ ಎಂದು ಹೇಳಿದರೆ ಅದು ಅವನಿಗೆ ಹೆಚ್ಚು ಮರ್ಯಾದೆ ಕೊಟ್ಟ ಹಾಗಾಗುತ್ತದೆ. ಒತ್ತಿದ, ಅದು ಸರಿಯಿತು. ಇನ್ನೂ ಒತ್ತಿದ. ಒಂದು ಬೆರಳು ಹೊರಕ್ಕೆ ಬಂದು, ಬೇರೆ ಮೂರರ ಜೊತೆಗೆ ಅಚ್ಚುಕಟ್ಟಾದ ಚೌಕಕ್ಕೆ ಬಂದು ನಿಂತಿತು. ಹಿಂದೆ ಬಿದ್ದ ಗುಂಡಿಯನ್ನು ಹಸಿ ಗಾರೆಯಿಂದ ಮುಚ್ಚಿ ನುಣ್ಣಗೆ ಉಜ್ಜಿದ. ಈಗ ಜಗತ್ತಿನ ಯಾವ ಯಂತ್ರ ತಂದಿಟ್ಟರೂ ಅಲ್ಲಿ ಕೂರಬಹುದಿತ್ತು, ಅವನದೊಂದನ್ನು ಬಿಟ್ಟು. ಆಮೇಲೆ ಯೋಚನೆ ತಾನಾಗಿ ಬಂತು. ಏಳು ದಿನ ನೀರುಣಿಸಿ, ಮುಂದಿನ ಭಾನುವಾರ ಯಂತ್ರ ತಂದು ಇಟ್ಟು ನೋಡುತ್ತಾರೆ. ಕೂರುವುದಿಲ್ಲ. ಮಾವ ಯಂತ್ರಕ್ಕೆ ನಾಲ್ಕು ಬೈಯುತ್ತಾರೆ. ಆಗ ಇವನು, ಹೋಗಲಿ ಬಿಡಿ ಮಾವ, ಬೇರೆ ಒಂದು ಜಾಗ ಸಿಕ್ಕಿದೆ ಎನ್ನಬೇಕು. ಹನ್ನೊಂದು ವರ್ಷದಿಂದ ತನ್ನ ಬಾಯಲ್ಲಿ ಬಾರದ ಮಾತನ್ನು ಒಂದು ಬೋಲ್ಟಿನ ಬಾಯಲ್ಲಿ ಹೇಳಿಸಲು ಹೊರಟಿದ್ದ ಮಹಾನುಭಾವ.

ಮಾವ ಚಹಾ ಕುಡಿದು ಬಂದು ಬಗ್ಗಿ ನೋಡಿದರು. ನುಣುಪು ನೋಡಿದರು, ಇಳಿಜಾರು ನೋಡಿದರು. ಹಲಗೆಯಿಂದ ಇಳಿಸಿದ ಬೋಲ್ಟನ್ನು ಮತ್ತೆ ಅಳೆಯುವ ಮೇಸ್ತ್ರಿ ಎಲ್ಲಿದ್ದಾನೆ? "ಕೈ ಚೆನ್ನಾಗಿದೆ ನಿಂದು," ಎಂದು ಬೆನ್ನು ತಟ್ಟಿ ಒದ್ದೆ ಗೋಣಿ ಹೊದೆಸಿದರು.

ಆ ವಾರ ದಿನಕ್ಕೆರಡು ಹೊತ್ತು ಗೋಣಿಗೆ ನೀರು ಹಾಕುವ ಕೆಲಸ ಸಾಣೆಯವನ ಪಾಲಿಗೆ ಬಂತು. ತನ್ನ ಸೆರೆಮನೆಗೆ ತಾನೇ ನೀರು ಹಾಕಿ ಗಟ್ಟಿ ಮಾಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಬಕೆಟ್ ಹಿಡಿದು ನಿಂತಾಗಲೆಲ್ಲ ಅಂಗಿಯ ಮೇಲಿನ ಗುಂಡಿ ತೆಗೆಯುತ್ತಿದ್ದ. ಗುರುವಾರ ಹೆಂಡತಿ ಬಟ್ಟೆ ಒಣಹಾಕಲು ಬಂದಾಗ ಕೇಳಿದ, "ಯಂತ್ರದ ಅಳತೆ ಯಾವಾಗ ತಗೊಂಡೆ?"

"ನೀವು ಊಟಕ್ಕೆ ಬಂದಾಗ ಬೀಗದ ಕೈ ತಗೊಂಡು ಹೋಗಿದ್ದೆ. ಅಪ್ಪ ಕೇಳಿದ್ರು, ಕೊಟ್ಟೆ." ಅವಳು ಬಟ್ಟೆ ಕೊಡವಿದಳು. "ಯಾಕೆ, ನಿಮಗೆ ಇಷ್ಟ ಇಲ್ವಾ?"

"ಹಾಗೇನಿಲ್ಲ," ಎಂದ.

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಅವನು ಗೋಣಿಗೆ ನೀರು ಹಾಕುತ್ತ ನಿಂತ. ಅವಳು ಬಟ್ಟೆಗೆ ಕ್ಲಿಪ್ಪು ಹಾಕಿ ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ತಳ್ಳುಗಾಡಿಯಲ್ಲಿ ಯಂತ್ರ ಬಂತು. ಗಾಡಿಯವನೂ ಅಳಿಯನೂ ಹಗ್ಗ ಹಾಕಿ ಎತ್ತಿದರು, ಮಾವ ಕೆಳಗೆ ಮಂಡಿಯೂರಿ ದಾರಿ ತೋರಿಸಿದರು. ಇಳಿಸಿ, ಇನ್ನೂ ಇಳಿಸಿ, ನಿಧಾನ. ಮೂರು ಕಾಲು ಬೋಲ್ಟಿಗೆ ಸಿಕ್ಕವು. ನಾಲ್ಕನೆಯ ಕಾಲು ಬೋಲ್ಟಿನ ತುದಿಯ ಮೇಲೆ ಕೂತಿತು. ಯಂತ್ರ ಸೊಟ್ಟಗೆ ನಿಂತು ಅಲ್ಲಾಡಿತು.

"ಎತ್ತಿ," ಎಂದರು ಮಾವ. ಮತ್ತೆ ಇಳಿಸಿದರು. ಮತ್ತೆ ಅದೇ.

ಗಾಡಿಯವನಿಗೆ ಬೇರೆ ಬಾಡಿಗೆ ಇತ್ತು, ಯಂತ್ರವನ್ನು ಪಕ್ಕಕ್ಕಿಟ್ಟು ಹೋದ. ಸಾಣೆಯವ ಈಗ ಮಾವ ಯಂತ್ರವನ್ನು ಬೈಯುತ್ತಾರೆಂದು ಕಾದ. ಮಾವ ಬೈಯಲಿಲ್ಲ. ಒಳಗಿನಿಂದ ತೂತಿನ ಹಲಗೆ ತಂದು ಬೋಲ್ಟುಗಳ ಮೇಲೆ ಇಟ್ಟರು. ಮೂರು ತೂರಿದವು, ನಾಲ್ಕನೆಯದು ತೂರಲಿಲ್ಲ. ಹಲಗೆ ತೆಗೆದು, ಆ ಬೋಲ್ಟನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕಾಂಕ್ರೀಟಿನ ಅಂಚಿನಲ್ಲಿ ಕೂತರು.

"ಹಲಗೆ ಎತ್ತೋವಾಗ ವಾಲಿಸಿದೀನಿ," ಎಂದರು. "ಒಂದು ಬೆರಳು ಅಂದ್ರೆ ಸಣ್ಣ ತಪ್ಪಲ್ಲ. ಹೊಸದಾಗಿ ಬಂದ ಕೂಲಿಯವನೂ ಮಾಡಲ್ಲ. ಕಣ್ಣೆದುರಿಗೇ ಆಗಿದೆ, ನನಗೆ ಕಂಡಿಲ್ಲ."

"ಹೋಗಲಿ ಬಿಡಿ ಮಾವ," ಎಂದ ಸಾಣೆಯವ. ಬಾಯಿಪಾಠ ಮಾಡಿದ್ದ ಮಾತಿನ ಮೊದಲ ಅರ್ಧ ಅದು. ಎರಡನೆಯ ಅರ್ಧ ಹೊರಗೆ ಬರಲಿಲ್ಲ. ಮಾವ ಕನ್ನಡಕವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಅಷ್ಟು ಹೊತ್ತಿಗೆ ಮೂಲೆ ಮನೆಯವರು ಬೇಲಿಯಾಚೆಯಿಂದ ಕೂಗಿದರು. ಅವರ ಕಾಂಪೌಂಡ್ ಗೋಡೆ ಎದೆ ಮಟ್ಟಕ್ಕೆ ಬಂದಿತ್ತು, ಗಾರೆಯವರು ಸಾಮಾನು ಕಟ್ಟುವ ಮೊದಲು ಮೇಸ್ತ್ರಿಗಳು ಒಂದು ಸಲ ಬಂದು ಮಟ್ಟ ನೋಡಿ ಹೋಗಬೇಕಂತೆ. ಮಾವ ಕೂತಲ್ಲಿಂದ ಏಳಲಿಲ್ಲ. "ಬೇರೆ ಯಾರನ್ನಾದ್ರೂ ಕರೀರಪ್ಪ. ನನ್ನ ಕೈಲಿ ಇನ್ನು ಆಗಲ್ಲ." ಅವರು ತಮಾಷೆಯೆಂದು ನಕ್ಕರು. ಮಾವ ನಗಲಿಲ್ಲ, ಮೂಲೆ ಮನೆಯವರು ತಲೆ ಕೆರೆದುಕೊಂಡು ಹೋದರು. ಮಾವ ಸೊಂಟದ ಚೀಲದಿಂದ ರಸಮಟ್ಟ ತೆಗೆದು, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಗೆ ಕೊಟ್ಟರು. "ಅಟ್ಟಕ್ಕೆ ಹಾಕಿಬಿಡು."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆ ಏನನ್ನೂ ಕೇಳಲಿಲ್ಲ. ರಸಮಟ್ಟವನ್ನು ಎರಡು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ಇನ್ನು ನೀವೇ ನೋಡ್ಕೋಬೇಕು ಅಳಿಯಂದಿರೇ," ಎಂದರು ಮಾವ, ನೆಲ ನೋಡುತ್ತ. "ಮನೆ, ಇವಳು, ಎಲ್ಲ. ನೀವು ಇಲ್ಲೇ ಇದ್ದೀರಲ್ಲ ಅನ್ನೋದೊಂದೇ ನನಗೆ ಧೈರ್ಯ."

ಸಾಣೆಯವನಿಗೆ ತನ್ನ ಕೆಲಸದ ಹೂರಣ ಪೂರ್ತಿ ಕಂಡಿತು. ಹೊರಗೆ ಹೋಗಲೆಂದು ತೋಡಿದ ಸುರಂಗ ನೇರ ಒಳಕೋಣೆಗೆ ಬಂದು ತೆರೆದಿತ್ತು. ಸುಮ್ಮನಿದ್ದರೆ ಈ ಮುದುಕರ ಕಣ್ಣಾಗಿ ಇಲ್ಲೇ ಇರಬೇಕು. ಸುಮ್ಮನೆ ಎದ್ದು ಹೋದರೆ, ತನ್ನಿಂದಾಗಿ ಒಬ್ಬ ಮನುಷ್ಯ ಉಳಿದ ದಿನವೆಲ್ಲ ತಾನು ಕುರುಡನೆಂದು ನಂಬಿ ಕೂರುತ್ತಾನೆ. ಒಳಗೆ ಗಡಿಯಾರ ನಾಲ್ಕೂವರೆ ಹೊಡೆಯಿತು. ಇಷ್ಟು ನಾಚಿಕೆ ಅವನಿಗೆ ಹಿಂದೆ ಎಂದೂ ಆಗಿರಲಿಲ್ಲ.

"ಮಾವ, ಆ ಬೋಲ್ಟು ಸರಿಸಿದ್ದು ನಾನು."

ಮಾವ ತಲೆ ಎತ್ತಿದರು. "ಏನು?"

"ನಾನೇ ಸರಿಸಿದ್ದು. ಬೇಕು ಅಂತಾನೇ."

"ಯಾವಾಗ?"

"ನೀವು ಹಲಗೆ ತೆಗೆದು ಚಹಾ ಕುಡಿಯೋಕೆ ಹೋದಾಗ."

"ಹಲಗೆ ತೆಗೆದಾಗ ಸರಿಯಾಗಿತ್ತಾ?"

"ಅಚ್ಚುಕಟ್ಟಾಗಿತ್ತು. ಒಂದು ಕೂದಲು ಆಚೆ ಈಚೆ ಇರಲಿಲ್ಲ."

ಮಾವ ಮಂಡಿಯೂರಿ, ಬೋಲ್ಟಿನ ಹಿಂದೆ ಗಾರೆ ತುಂಬಿದ್ದ ಜಾಗವನ್ನು ಉಗುರಿನಿಂದ ಕೆರೆದರು. ಅಲ್ಲಿ ಬಣ್ಣ ಸ್ವಲ್ಪ ಬೇರೆ ಇತ್ತು. ಅವರ ಮುಖ ನಿಧಾನವಾಗಿ ಅರಳಿತು. "ಏ, ಕೇಳಿದ್ಯಾ?" ಎಂದು ಹೆಂಡತಿಯತ್ತ ತಿರುಗಿದರು. "ನಂದಲ್ಲ ಕಣೇ ತಪ್ಪು. ನನ್ನ ಕಣ್ಣು ಸರಿಯಾಗಿದೆ. ಇವನು ಮಾಡಿದ್ದು." ಅವರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಾಣೆಯವ ಬೈಗುಳ ತಿನ್ನಲು ಸಿದ್ಧನಾಗಿದ್ದ, ಈ ಸಂತೋಷಕ್ಕೆ ಸಿದ್ಧನಾಗಿರಲಿಲ್ಲ. ಗೋಡೆಗೆ ಒರಗಿ ನಿಂತ.

ನಗು ನಿಂತ ಮೇಲೆ ಪ್ರಶ್ನೆ ಬಂತು. "ಆದ್ರೆ ಯಾಕೆ?"

ಈ ಸಲ ಬಾಯಿಪಾಠ ಯಾವುದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದ. ಕೋಟಿನ ದರ್ಜಿಯ ಅಂಗಡಿ, ಮೇಲಿನ ಕೋಣೆ, ಇವತ್ತು ಏಳು ಗಂಟೆ. ಎಲ್ಲಿಗೆ ಹೊರಟೆ ಎಂದು ಯಾರೂ ಕೇಳದ ಹಾಗೆ ಒಂದು ದಿನವಾದರೂ ಚಪ್ಪಲಿ ಮೆಟ್ಟಬೇಕು ಎನ್ನುವ ಆಸೆ. "ನೀವ್ಯಾರೂ ಏನೂ ಕಡಿಮೆ ಮಾಡಿಲ್ಲ. ನನಗೇ ಉಸಿರು ಕಟ್ಟುತ್ತೆ. ಹೇಳೋಕೆ ಬಾಯಿ ಬರಲಿಲ್ಲ."

ಹಿಂಬಾಗಿಲಲ್ಲಿ ಹೆಂಡತಿ ಯಾವಾಗಲೋ ಬಂದು ನಿಂತಿದ್ದಳು. "ನನಗೂ ಹೇಳಲಿಲ್ಲ," ಎಂದಳು. ಜೋರಾಗಿ ಹೇಳಲಿಲ್ಲ. ಅದೇ ಹೆಚ್ಚು ತಾಗಿತು.

"ಅಲ್ಲಿ ಅಡುಗೆ ಕಟ್ಟೆ ಎಷ್ಟು ದೊಡ್ಡದಿದೆ?" ಎಂದರು ಅತ್ತೆ.

ಮಾವ ಕಾಂಕ್ರೀಟಿನ ಮೇಲೆ ಕೈಯಾಡಿಸಿದರು. ಒಳ್ಳೆಯ ಕೆಲಸ ಅದು, ಎಲ್ಲೂ ಒಂದು ಬಿರುಕಿಲ್ಲ. ಆಮೇಲೆ ಎದ್ದು, ಮಂಡಿಯ ಧೂಳು ಕೊಡವಿ, ಹೆಂಡತಿಯ ಕೈಯಿಂದ ರಸಮಟ್ಟ ತೆಗೆದುಕೊಂಡರು. ಬೇಲಿಯಾಚೆ ನೋಡಿ, "ಬಂದೆ ಇರಪ್ಪ, ಸಾಮಾನು ಕಟ್ಟಬೇಡಿ ಅನ್ನು ಅವರಿಗೆ," ಎಂದು ಕೂಗಿದರು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ನೋಡದೆ ನಿಂತರು.

"ಕಬ್ಬಿಣ ಕೊಯ್ಯೋ ಗರಗಸ ಗೂಡಲ್ಲಿದೆ. ಬೋಲ್ಟು ಕತ್ತರಿಸಿಬಿಡು."

"ಆ ಒಂದನ್ನಾ?"

"ನಾಲ್ಕನ್ನೂ. ನೆಲಕ್ಕೆ ಸಮವಾಗಿ ಕತ್ತರಿಸು. ನೀವೆಲ್ಲ ಬಂದು ಹೋಗೋವಾಗ ಮಗು ಕಾಲಿಗೆ ತಗಲಬಾರದು."

ಅವರು ಹೋದರು. ಬಂದು ಹೋಗುವುದು ಎಂಬ ಮಾತು ಸಾಣೆಯವನ ಕಿವಿಯಲ್ಲೇ ಉಳಿಯಿತು. ನೆಂಟರಿಗೆ ಹೇಳುವ ಮಾತು ಅದು. ಈ ಮನೆಯಲ್ಲಿ ಯಾರೂ ಅವನಿಗೆ ಅದನ್ನು ಹೇಳಿರಲಿಲ್ಲ. ಅದನ್ನು ಕೇಳಬೇಕೆಂದು ಹನ್ನೊಂದು ವರ್ಷ ಹಂಬಲಿಸಿದ್ದ, ಈಗ ಕೇಳಿದಾಗ ನೋವಾಯಿತು. ಅಳು ಬಂತು, ಅತ್ತ. ಅಳುತ್ತಲೇ ಗೂಡಿನಿಂದ ಗರಗಸ ತಂದು, ಮೊದಲ ಬೋಲ್ಟಿನ ಬುಡಕ್ಕೆ ಇಟ್ಟು ಎಳೆಯತೊಡಗಿದ.

ಅದು ಕತ್ತರಿಸಿ ಬೀಳುವ ಹೊತ್ತಿಗೆ ಹೆಂಡತಿ ಚೆಂಬಿನಲ್ಲಿ ನೀರು ತಂದು ಪಕ್ಕದಲ್ಲಿ ಕೂತಿದ್ದಳು. ಅವಳ ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಕಾದ ಗರಗಸದ ಮೇಲೆ ಒಂದಿಷ್ಟು ನೀರು ಬಿಟ್ಟಳು.

"ಆ ದರ್ಜಿ ಎಷ್ಟು ಹೊತ್ತಿಗೆ ಕದ ಹಾಕ್ತಾನೆ ಅಂದ್ರಿ?"

"ಏಳಕ್ಕೆ."

"ಇನ್ನೂ ಮೂರಿವೆ," ಎಂದಳು. "ಕೈ ಬೇಗ ಆಡಿಸಿ."